ಟೈರಿನ ಪಕ್ಕೆಯಲ್ಲಿ ವಾಸವಾಗಿರುವ ಪರ್ವತರಾಯರಿಗೆ

ಇವರಿಗೆ:
ಶ್ರೀಮಾನ್ ಮೂರು ಶಿಖರದ ಪರ್ವತರಾಯರು,
ಮುಂದಿನ ಎಡ ಟೈರು, ಹೊರಮೈ,
ನನ್ನ ಮಗ ಕರ್ಟ್ ಡ್ರೈಲಿಂಗನ ಪಿಕಪ್ಪು,
ಓಬರ್‌ಫೆಲ್ಡ್, ಪಶ್ಚಿಮ ಕ್ಯಾನ್ಸಸ್.

ಮಾನ್ಯರೇ,

ತಮ್ಮ ಮೂರೂ ಶಿಖರಗಳು ಕ್ಷೇಮವಾಗಿವೆಯೆಂದೂ, ಹೊಟ್ಟೆಯ ನಡುವೆ ಕೂರಿಸಿಕೊಂಡಿರುವ ಆ ಒಂದು ಹಿಮದ ಹರಳು ನಮ್ಮ ಜೂನ್ ತಿಂಗಳ ಬಿಸಿಲಿಗೂ ಜಗ್ಗದೆ ಕೂತಿದೆಯೆಂದೂ ನಂಬಿ, ಓಬರ್‌ಫೆಲ್ಡಿನ ಆಲ್ವೀನಾ ಡ್ರೈಲಿಂಗ್ ಆದ ನಾನು ಮಾಡುವ ವಂದನೆಗಳು. ಎಪ್ಪತ್ತಮೂರು ವರ್ಷಗಳಲ್ಲಿ ನಾನು ಮುಖಾಮುಖಿಯಾಗಿ ಕಂಡ ಮೊದಲ ಪರ್ವತ ತಾವೇ. ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ, ಕಪ್ಪು ರಬ್ಬರಿನಲ್ಲಿ, ಹಿಮದಲ್ಲೂ ಓಡುವ ಟೈರೆಂಬ ಗುರುತಾಗಿ, ಗಾಳಿ ಎಷ್ಟು ತುಂಬಬೇಕೆಂಬ ಬರಹದ ಪಕ್ಕದಲ್ಲಿ ತಾವು ದರ್ಶನ ಕೊಡುತ್ತೀರೆಂದು ನಾನು ಎಣಿಸಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ತಮ್ಮನ್ನು ಕನ್ನಡಕ ಹಾಕಿಕೊಂಡು, ಮೊಣಕಾಲೂರಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೂ ನುಣ್ಣಗೇ ಕಂಡಿರಿ. ಇದು ಹೊಗಳಿಕೆ. ದೂರು ಮುಂದೆ ಬರುತ್ತದೆ.

ತಾವು ಯಾವ ಊರಿಗೆ ಬಂದಿದ್ದೀರೆಂಬುದು ತಮಗೆ ಯಾರೂ ತಿಳಿಸಿದಂತಿಲ್ಲ, ಆದ್ದರಿಂದ ತಿಳಿಸುವುದು ನನ್ನ ಕರ್ತವ್ಯ. ನಮ್ಮ ಕೌಂಟಿಯಲ್ಲಿ ಕೈಜಾರಿ ಬಿದ್ದ ಕಿತ್ತಳೆಹಣ್ಣು ಉರುಳದೆ ಬಿದ್ದಲ್ಲೇ ಇರುತ್ತದೆ. ಇಲ್ಲಿ ಎತ್ತರವೆಂದರೆ ಗೋಧಿ ತುಂಬಿಡುವ ಗೋಪುರ, ಅದಕ್ಕಿಂತ ಕೆಳಗೆ ಹೆದ್ದಾರಿಯ ಮೇಲುಸೇತುವೆ, ಅದಕ್ಕಿಂತ ಕೆಳಗೆ ನಾನು. ಮಗನ ಮನೆಯಿಂದ ಅವನು ಕೆಲಸ ಮಾಡುವ ಕೌಂಟಿ ಕಚೇರಿಗೆ ನಾಲ್ಕು ಮೈಲಿ, ಅಷ್ಟೂ ಟಾರು ರಸ್ತೆ. ಕಚೇರಿಯಿಂದ ದಿನಸಿ ಅಂಗಡಿಗೆ ಅರ್ಧ ಮೈಲಿ, ಅದೂ ಟಾರು. ಇಂಥ ಕಡೆ ತಮ್ಮಂಥ ದೊಡ್ಡ ಮನುಷ್ಯರು, ಮಂಜಿನ ಕಣಿವೆಗಳನ್ನು ದಾಟಿಸಲು ಹುಟ್ಟಿದವರು, ಬಂದು ಮೊಟ್ಟೆ ಹಾಲು ತರುವ ಚಾಕರಿ ಮಾಡುತ್ತಿರುವುದನ್ನು ಕಂಡಾಗ ನನಗೆ ತಮ್ಮ ಬಗ್ಗೆ ಮರುಕವೇ ಆಗಿತ್ತು.

ಆಗಿತ್ತು, ಮೇ ತಿಂಗಳ ಕೊನೆಯ ಸೋಮವಾರದವರೆಗೆ. ಆ ದಿನ ನಮ್ಮಲ್ಲಿ ಸಮಾಧಿಗಳಿಗೆ ಹೂವಿಡುವ ದಿನ. ಹಿತ್ತಿಲಲ್ಲಿ ಅರಳಿದ ಪಿಯೊನಿ ಹೂಗಳನ್ನು ಕಾಫಿಪುಡಿಯ ಖಾಲಿ ಡಬ್ಬಿಗಳಲ್ಲಿ, ಗಾಳಿಗೆ ಉರುಳದಂತೆ ತಳಕ್ಕೆ ಕಲ್ಲು ಹಾಕಿ, ಒಯ್ದು ಇಡುತ್ತೇವೆ. ಸ್ಮಶಾನದ ಬಾವುಟ ಬೆಳಗಿನಿಂದ ಅರ್ಧ ಕಂಬಕ್ಕೆ ಇಳಿದಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ತುದಿಗೆ ಏರುತ್ತದೆ. ಅದು ಏರುವುದರೊಳಗೆ ಹೂವು ತಲುಪದ ಸಮಾಧಿಯ ಮನೆಯವರ ಬಗ್ಗೆ ಈ ಊರು ಮುಂದಿನ ಮೇ ತಿಂಗಳವರೆಗೆ ಮಾತಾಡುತ್ತದೆ. ಅದರಲ್ಲಿ ಅತಿ ಹೆಚ್ಚು ಮಾತಾಡುವವಳು ನಾನೇ ಆದ್ದರಿಂದ, ನನ್ನ ಗಂಡ ಆಂಬ್ರೋಸ್ ತೀರಿಕೊಂಡ ಮೇಲಿನ ಎಂಟು ವರ್ಷವೂ ಅವನ ಹೂವು ಹನ್ನೊಂದರೊಳಗೆ ತಲುಪಿದೆ. ಒಂಬತ್ತನೆಯ ವರ್ಷ ತಾವು ಬಂದಿರಿ. ಅಲ್ಲಿಂದ ನನ್ನ ದೂರು ಆರಂಭ. ಆದರೆ ತಾವು ಬಂದ ಬಗೆಯನ್ನು ಮೊದಲು ಹೇಳದಿದ್ದರೆ ತಮಗೆ ಅನ್ಯಾಯ ಮಾಡಿದಂತಾಗುತ್ತದೆ.

ಆ ಪಿಕಪ್ಪು ಆಂಬ್ರೋಸನದು. ಕಾರ್ಖಾನೆಯವರು ಪಿಕಪ್ಪುಗಳ ಹಿಂಭಾಗವನ್ನು ಮುಂಭಾಗಕ್ಕಿಂತ ಎರಡಿಂಚು ಎತ್ತರ ಮಾಡಿ ಕಳುಹಿಸುವುದು, ಹಿಂದೆ ಹೊರೆ ಬಿದ್ದಾಗ ಗಾಡಿ ಸಮಕ್ಕೆ ಬರಲೆಂದು. ಆಂಬ್ರೋಸ್ ಇದ್ದಾಗ ಅದು ಯಾವಾಗಲೂ ನೀರು ಕುಡಿಯಲು ಬಗ್ಗಿದ ಗೂಳಿಯಂತೆ ಮೂತಿ ತಗ್ಗಿಸಿ ನಿಂತಿರುತ್ತಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. ಹೋದ ಅಕ್ಟೋಬರಿನಲ್ಲಿ ಕರ್ಟ್, ಖಾಲಿ ಗಾಡಿಯೂ ಸಮವಾಗಿ ಕಾಣಬೇಕೆಂದು, ಮುಂದಿನ ಸ್ಪ್ರಿಂಗುಗಳ ಮೇಲೆ ಎರಡಿಂಚಿನ ಬಿಲ್ಲೆ ಕೂರಿಸಿದ. ಖಾಲಿ ಇದ್ದಾಗ ಸಮವಾಗಿ ಕಂಡಿತು, ನಿಜ. ಸೊಸೆ ಮಾರ್ಲಾ ಹಿಂದೆ ಹತ್ತು ಮೂಟೆ ಗೊಬ್ಬರ ಹಾಕಿಸಿಕೊಂಡ ದಿನ ಗಾಡಿ ಹಿಂದಕ್ಕೆ ಕುಕ್ಕರಿಸಿ, ದೀಪಗಳು ಆಕಾಶ ನೋಡತೊಡಗಿದವು. ಸಂಜೆಯ ಹೊತ್ತು ಎದುರು ಬಂದವರೆಲ್ಲ ಕಣ್ಣು ಕುಕ್ಕಿ, ದೀಪ ಹಾಕಿ ಆರಿಸಿ ಬೈದರು. ನನ್ನ ಮಗ ಪ್ರತಿಯೊಬ್ಬರಿಗೂ, ನಮ್ಮ ಕಡೆಯ ಪದ್ಧತಿಯಂತೆ, ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಮರುವಂದನೆ ಮಾಡುತ್ತ ಬಂದ.

"ನೋಡಿದ್ಯಾಮ್ಮ, ಗಾಡಿ ಲೆವೆಲ್ ಮಾಡಿಸಿದ್ಮೇಲೆ ಜನ ಎಷ್ಟ್ ಮರ್ಯಾದೆ ಕೊಡ್ತಾರೆ!" ಎಂದ.

ಸಮವಾದ ಗಾಡಿಗೆ ಹಳೆಯ ಟೈರು ಸಣ್ಣದಾಗಿ ಕಾಣುತ್ತದೆಂಬುದು ಆಮೇಲೆ ಗೊತ್ತಾಯಿತು. ಆನೆಗೆ ಗೆಜ್ಜೆ ಕಟ್ಟಿದ ಹಾಗಿದೆ ಎಂದು ಕಚೇರಿಯಲ್ಲಿ ಯಾರೋ ಅಂದರಂತೆ. ಅಲ್ಲಿಂದ ಏಳು ತಿಂಗಳು ನಮ್ಮ ಮನೆಯಲ್ಲಿ ತಮ್ಮ ಕುಲದವರ ಹೊರತು ಬೇರೆ ಮಾತಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಬಂತು. ಸದ್ದು ಎಷ್ಟು, ಸವೆತ ಎಷ್ಟು, ಮಳೆಯಲ್ಲಿ ಹಿಡಿತ ಎಷ್ಟು, ಪೆಟ್ರೋಲು ಎಷ್ಟು ಹೆಚ್ಚು ಕುಡಿಯುತ್ತದೆ, ಗೋಡೆ ಆರು ಪದರದ್ದೋ ಹತ್ತು ಪದರದ್ದೋ. ಮೂವತ್ತಮೂರು ಇಂಚಿನದಾದರೆ ಸುಮ್ಮನೆ ಕೂರುತ್ತದೆ, ಮೂವತ್ತೈದು ಇಂಚಿನದಾದರೆ ತಿರುವಿನಲ್ಲಿ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ ಎಂದು ಯಾರೋ ಹೇಳಿದರೆಂದು, ಮೂವತ್ತೈದು ಇಂಚಿನ ರಟ್ಟಿನ ಚಕ್ರ ಕತ್ತರಿಸಿ, ಅದನ್ನು ಗಾಡಿಗೆ ಆನಿಸಿ, ಒಂದು ಇಡೀ ಶನಿವಾರ ಅದರ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದ.

"ಅತ್ತೆ, ನನ್ನನ್ನ ಮದ್ವೆ ಆಗೋಣ ಅಂತ ತೀರ್ಮಾನ ಮಾಡಕ್ಕೆ ಇವ್ರು ತಗೊಂಡಿದ್ದು ಆರು ವಾರ," ಎಂದಳು ಮಾರ್ಲಾ, ಕಿಟಕಿಯಿಂದ ನೋಡುತ್ತ.

"ನೀನು ಟಾರ್ ರಸ್ತೇಲಿ ಸದ್ದು ಮಾಡಲ್ಲ ಅಂತ ಖಾತ್ರಿಯಾಗಿತ್ತೇನೋ," ಎಂದೆ.

ಟೈರಿನ ಅಂಗಡಿಯ ಲೀರಾಯ್ ಬೀಕರ್ ಪ್ರಾಮಾಣಿಕ. ಕರ್ಟ್ ನನ್ನನ್ನೂ ಕರೆದುಕೊಂಡು ಹೋಗಿದ್ದ ದಿನ ಅವನು ಕೈ ಒರೆಸಿಕೊಂಡು ನೇರವಾಗಿ ಕೇಳಿದ: "ಕರ್ಟ್, ನೀನು ಗಾಡಿ ಓಡ್ಸೋದ್ರಲ್ಲಿ ಟಾರ್ ರಸ್ತೆ ಎಷ್ಟು?"

"ನೂರಕ್ಕೆ ತೊಂಬತ್ತೈದು ಭಾಗ."

"ಹಂಗಾದ್ರೆ ಹೈವೇ ಟೈರ್ ಹಾಕ್ಕೊಳಪ್ಪ. ಸದ್ದಿಲ್ಲ, ಗದ್ದಲ ಇಲ್ಲ, ಬೇಗ ಸವೆಯಲ್ಲ."

"ಮತ್ತೆ ಮಿಕ್ಕಿದ್ ಐದು ಭಾಗಕ್ಕೆ?"

"ಅದ್ಯಾವ್ದದು?"

ಕರ್ಟ್ ದನಿ ತಗ್ಗಿಸಿ, ಪಾಪನಿವೇದನೆಯ ಪಂಜರದಲ್ಲಿ ಪಾದ್ರಿಗೆ ಹೇಳುವವನಂತೆ, "ಅಕಸ್ಮಾತ್," ಎಂದ.

ಲೀರಾಯ್ ನನ್ನ ಮುಖ ನೋಡಿದ. "ಮಿಸೆಸ್ ಡ್ರೈಲಿಂಗ್, ಆ 'ಅಕಸ್ಮಾತ್' ಇಲ್ದಿದ್ರೆ ನಾನು ಎಂದೋ ಅಂಗ್ಡಿ ಮುಚ್ಬೇಕಿತ್ತು," ಎಂದ. ಹಾಗೆ ಹೇಳಿ, ಎಲ್ಲ ನೆಲಕ್ಕೂ ಸಲ್ಲುವಂಥ, ತಮ್ಮ ಮುದ್ರೆಯಿರುವ, ಮೂವತ್ತಮೂರು ಇಂಚಿನ ನಾಲ್ಕು ಟೈರುಗಳಿಗೆ ಚೀಟಿ ಬರೆದ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಟೈರಿನ ಒಂದು ಪಕ್ಕೆಗೆ ಮಾತ್ರ ಇರುವ ಬಿಳಿ ಅಕ್ಷರಗಳು ಹೊರಕ್ಕೆ ಕಾಣಬೇಕೋ, ಒಳಕ್ಕೋ? ಈಸ್ಟರ್ ಹಬ್ಬದ ಊಟದ ಮೇಜಿನಲ್ಲಿ ಇದನ್ನು ಮತಕ್ಕೆ ಹಾಕಲಾಯಿತು. ಅತ್ತ ಮೂವರು, ಇತ್ತ ಮೂವರು. ನಾನು ಯಾವ ಕಡೆಗೂ ಕೈಯೆತ್ತದೆ ಕೋಸು ಮಾಂಸದ ಬನ್ನು ತಿನ್ನುತ್ತ ಕೂತೆ. ಟೈರು ಹಾಕಿಸುವ ದಿನ ಕರ್ಟ್ 'ಹೊರಕ್ಕೆ' ಎಂದು ಹೇಳಿ ಕಚೇರಿಗೆ ಹೋದ. ಅಲ್ಲಿಂದ ಫೋನು ಮಾಡಿ 'ಒಳಕ್ಕೆ' ಎಂದ. ಅಷ್ಟರಲ್ಲಿ ಲೀರಾಯ್ ಎಡಗಡೆಯ ಎರಡನ್ನು ಹೊರಕ್ಕೆ ಹಾಕಿ ಮುಗಿಸಿದ್ದ; ಹೇಳಿದ ಮಾತು ಕೇಳುವವನಾದ್ದರಿಂದ ಬಲಗಡೆಯ ಎರಡನ್ನು ಒಳಕ್ಕೆ ಹಾಕಿದ. ಹೀಗಾಗಿ ನಮ್ಮ ಗಾಡಿ ಎಡದಿಂದ ನೋಡಿದರೆ ಅಹಂಕಾರಿ, ಬಲದಿಂದ ನೋಡಿದರೆ ವಿನಯವಂತ. ಇದನ್ನು ತಪ್ಪೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲದ ನನ್ನ ಮಗ ಭಾನುವಾರ ಇಗರ್ಜಿಯ ಮುಂದೆ ಬಲಮಗ್ಗುಲು ಕಾಣುವಂತೆಯೂ, ಶುಕ್ರವಾರ ಬೇಸ್‌ಬಾಲ್ ಮೈದಾನದಲ್ಲಿ ಎಡಮಗ್ಗುಲು ಕಾಣುವಂತೆಯೂ ಗಾಡಿ ನಿಲ್ಲಿಸುತ್ತಾನೆ. ತಮ್ಮ ಬಲಗಡೆಯ ಇಬ್ಬರು ಸಹೋದರರು ಮುಖ ಒಳಗೆ ಮಾಡಿಕೊಂಡು ಗಾಡಿಯ ಅಚ್ಚನ್ನು ನೋಡುತ್ತ ಕೂತಿದ್ದಾರೆಂದು ತಿಳಿಸಲು ವಿಷಾದಿಸುತ್ತೇನೆ. ಅವರಿಗೆ ತಾವು ಬರೆಯುವುದಾದರೆ ನಾನು ತಲುಪಿಸುತ್ತೇನೆ.

ತಮ್ಮ ಸಂಗೀತದ ಬಗ್ಗೆಯೂ ಎರಡು ಮಾತು. ಗಂಟೆಗೆ ಅರವತ್ತು ಮೈಲಿ ದಾಟಿದೊಡನೆ ತಾವು ನಾಲ್ವರೂ ಸೇರಿ ಎತ್ತುವ ಆ ಗುಂಯ್‌ಗಾನದಲ್ಲಿ ನಾನು ಜಪಮಣಿ ಎಣಿಸಲು ಹೋಗಿ ಎರಡು ಭಾನುವಾರ ಲೆಕ್ಕ ತಪ್ಪಿದೆ. ಸ್ವರ್ಗದಲ್ಲಿ ಯಾರಿಗೋ ಹನ್ನೊಂದು ಪ್ರಾರ್ಥನೆ ಹೆಚ್ಚಿಗೆ ಹೋಗಿದೆ. ಇದನ್ನು ಕರ್ಟನಿಗೆ ಹೇಳಿದರೆ, "ಅದು ಸದ್ದಲ್ಲಮ್ಮ, ಟೈರಿನ ಗುಣ," ಎಂದ. ಗಾಡಿ ಹತ್ತುವ ವಿಷಯದಲ್ಲೂ ತಾವು ನನ್ನನ್ನು ಮರೆತಿಲ್ಲ. ಯಾರ ಕೈಯನ್ನೂ ಹಿಡಿದು ಹತ್ತುವ ಅಭ್ಯಾಸ ನನಗಿಲ್ಲ. ಆದ್ದರಿಂದ ಅಡುಗೆಮನೆಯಲ್ಲಿ ಮೇಲಿನ ಕಪಾಟಿಗೆ ಕೈ ಎಟುಕಲು ಇಟ್ಟ ಮೆಟ್ಟುಮಣೆಗೆ ಹಗ್ಗ ಕಟ್ಟಿ, ಅದನ್ನು ಮೆಟ್ಟಿ ಗಾಡಿ ಹತ್ತಿ ಕೂತು, ಆಮೇಲೆ ಬಾವಿಯಿಂದ ಕೊಡ ಎಳೆದಂತೆ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತೇನೆ. ನಮ್ಮ ಪಾದ್ರಿಗಳು ಒಂದು ಸಲ ನೋಡಿ ಶಿಲುಬೆಯ ಗುರುತು ಹಾಕಿಕೊಂಡರು.

ಈಗ ಆ ಸೋಮವಾರ. ಶನಿವಾರದಿಂದ ಸುರಿದ ಮಳೆ ಭಾನುವಾರ ರಾತ್ರಿ ನಿಂತಿತ್ತು. ಹೊರಡುವ ಹೊತ್ತಿಗೆ ಕರ್ಟ್ ಅಂಗಳದಲ್ಲಿ ಕೂತು ಬ್ರಷ್ಷಿನಿಂದ ತಮ್ಮ ಪಕ್ಕದ ಬಿಳಿ ಅಕ್ಷರಗಳನ್ನು ಉಜ್ಜುತ್ತಿದ್ದನಾದ್ದರಿಂದ ಹನ್ನೊಂದೂವರೆಯಾಯಿತು. ಮಾರ್ಲಾ ಹಿಂದಿನ ಸೀಟಿನಲ್ಲಿ ಹೂವಿನ ಡಬ್ಬಿಗಳನ್ನು ಮೊಣಕಾಲುಗಳ ನಡುವೆ ಹಿಡಿದು ಕೂತಿದ್ದಳು. ಸ್ಮಶಾನ ಊರಾಚೆ ಎರಡು ಮೈಲಿ. ಗೇಟಿನವರೆಗೆ ಟಾರು, ಗೇಟಿನಿಂದ ಒಳಕ್ಕೆ ಮುನ್ನೂರು ಗಜ ಮಣ್ಣಿನ ದಾರಿ. ನಮ್ಮ ಕೌಂಟಿಯಲ್ಲಿ ನಮ್ಮ ಕುಟುಂಬದವರು ಹೋಗುವ ಏಕೈಕ ಮಣ್ಣಿನ ದಾರಿ ಅದು. ಅಂದು ಅದು ದಾರಿಯಾಗಿರಲಿಲ್ಲ, ಕಲಸಿಟ್ಟ ಹಿಟ್ಟಾಗಿತ್ತು. ಪರ್ವತರಾಯರೇ, ನನ್ನ ಮಗ ಏಳು ತಿಂಗಳು ಯಾವ ಅಕಸ್ಮಾತ್ತಿಗಾಗಿ ತಪಸ್ಸು ಮಾಡಿದ್ದನೋ ಆ ಅಕಸ್ಮಾತ್ತು ಎದುರಿಗೆ ಮೈಚಾಚಿ ಮಲಗಿತ್ತು. ಅವನು ಗೇಟಿನ ಹೊರಗೆ, ಟಾರಿನ ಮೇಲೆ, ಗಾಡಿ ನಿಲ್ಲಿಸಿದ.

"ಯಾಕೋ ನಿಲ್ಸ್ದೆ?"

"ಕೆಸರಮ್ಮ."

"ಕೆಸರು ಅಂತ ನಂಗೂ ಕಾಣ್ತಿದೆ. ನಿನ್ನ ಐದು ಭಾಗ ಇದೇ ಕಣೋ. ನಡಿ."

"ಈಗ ತಾನೇ ತೊಳ್ದಿದೀನಮ್ಮ..."

"ಕರ್ಟ್ ಡ್ರೈಲಿಂಗ್."

ಪೂರ್ತಿ ಹೆಸರು ಹಿಡಿದು ಕರೆದಾಗ ಅವನು ಐವತ್ತರ ಗಂಡಸಾದರೂ ನಿಜ ಹೇಳುತ್ತಾನೆ. "ಅಮ್ಮ, ಏಳು ತಿಂಗ್ಳಿಂದ ಊರಿಗೆಲ್ಲ ಈ ಟೈರ್ ಬಗ್ಗೆ ಹೇಳ್ಕೊಂಡ್ ಬಂದಿದೀನಿ. ಅಲ್ಲಿ ಎಲ್ರೂ ನಿಂತಿದಾರೆ. ಹೂತ್ಕೊಂಡ್ರೆ?" ಎಂದ. ಎಲ್ಲರೂ ನಿಂತಿದ್ದರು, ನಿಜ. ಬೆಳಿಗ್ಗೆ ನೆಲ ಇಷ್ಟು ಕಲಸಿಹೋಗುವ ಮೊದಲೇ ಬಂದವರು, ಒಳಗಡೆ ಕೊಡೆ ಮಡಿಸಿಕೊಂಡು, ಬಾವುಟದ ಸುತ್ತ.

ಅಷ್ಟರಲ್ಲಿ ಹಿಂದಿನಿಂದ ರೋಸೀನಾ ಬೀಕರಳ ಕಾರು ಬಂತು. ಲೀರಾಯನ ತಾಯಿ, ಟೈರಿನ ಅಂಗಡಿಯವನನ್ನು ಹೆತ್ತರೂ ಅವಳ ಟೈರುಗಳು ನನ್ನ ಆಂಬ್ರೋಸನ ತಲೆಯಷ್ಟೇ ಬೋಳು. ಅವಳು ನಮ್ಮ ಪಕ್ಕ ನಿಧಾನಿಸಿ, ಗಾಜು ಇಳಿಸಿ, ಮೇಲಕ್ಕೆ, ಬಹಳ ಮೇಲಕ್ಕೆ, ನನ್ನನ್ನು ನೋಡಿದಳು.

"ಏನೇ ಆಲ್ವೀನಾ, ಕೆಟ್ಟು ನಿಂತ್ಕೊಂಡ್ತಾ? ಬರ್ತೀಯಾ, ಬಿಡ್ತೀನಿ."

"ದೃಶ್ಯ ನೋಡ್ತಾ ಇದೀವಿ," ಎಂದೆ.

"ನೋಡು ನೋಡು. ಆಂಬ್ರೋಸಂಗೆ ಹೇಳ್ತೀನಿ, ಮಧ್ಯಾಹ್ನದ ಮೇಲೆ ಬರ್ತಾಳಂತೆ ಅಂತ," ಎಂದು ಗಾಜು ಏರಿಸಿ ಕೆಸರಿಗೆ ನುಗ್ಗಿದಳು. ನೂರು ಗಜ ಚೆನ್ನಾಗಿಯೇ ಹೋದಳು. ಆಮೇಲೆ ಕಾರು ಅಡ್ಡಕ್ಕೆ ತಿರುಗಿ, ದಾರಿಯ ಅಂಚಿಗೆ ಸರಿದು, ಹಿಂದಿನ ಚಕ್ರಗಳು ಆ ಹಿಟ್ಟನ್ನು ಚಿಮ್ಮಿಸಿ, ಕೂತುಬಿಟ್ಟಿತು. ಹನ್ನೊಂದು ನಲವತ್ತೆಂಟು.

ನಾನು ಹದಿನಾಲ್ಕನೆಯ ವಯಸ್ಸಿನಿಂದ ಇಪ್ಪತ್ತು ಸುಗ್ಗಿ ಗೋಧಿ ಲಾರಿ ಓಡಿಸಿದವಳು. ಈ ವಿಷಯ ನನ್ನ ಮಗ ಏಳು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಇಳಿ ಕೆಳಗೆ," ಎಂದೆ. ಇಳಿದ. ನಾನು ಇಳಿಯದೆ, ಎರಡು ಸೀಟುಗಳ ನಡುವಿನ ಡಬ್ಬಿ ದಾಟಿ, ಸ್ಟಿಯರಿಂಗಿನ ಹಿಂದೆ ಹೋಗಿ ಕೂತೆ; ಅದು ಹೇಗೆ ಎಂಬುದನ್ನು ಮಾರ್ಲಾ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗುಂಡಿಯನ್ನು ತಿರುಗಿಸಿದೆ. ಎದುರಿಗೆ ಒಂದು ಹಸಿರು ದೀಪ ಹತ್ತಿತು.

"ಅಮ್ಮಾ, ಅದನ್ನ ಮುಟ್ಬೇಡ! ಅದನ್ನ ಯಾವತ್ತೂ ಮುಟ್ಟಿಲ್ಲ!" ಎಂದು ಕರ್ಟ್ ಕಿಟಕಿಯ ಕೆಳಗಿಂದ ಕೂಗಿದ.

"ಹೊಡೀರಿ ಅತ್ತೆ," ಎಂದಳು ಮಾರ್ಲಾ.

ಕೆಸರಿನಲ್ಲಿ ಹೋಗುವ ವಿದ್ಯೆ ಇಷ್ಟೇ: ಅವಸರ ಮಾಡಬಾರದು, ನಿಲ್ಲಲೂಬಾರದು. ಆದರೆ ರೋಸೀನಾ ದಾರಿಯ ನಡುವೆ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಕಳಚಿದ ಚಪ್ಪಲಿ ಹಿಡಿದು ನಿಂತಿದ್ದಳು. ನಿಲ್ಲಿಸದೆ ಹೋಗಬಹುದಿತ್ತು, ಆ ಆಲೋಚನೆ ನನಗೆ ಬಂದಿತ್ತೆಂಬುದನ್ನು ತಮ್ಮಂಥ ದೊಡ್ಡವರಿಂದ ಮುಚ್ಚಿಡುವುದಿಲ್ಲ. ನಿಲ್ಲಿಸಿದೆ.

"ಹತ್ತು."

"ಹೆಂಗ್ ಹತ್ತೋದೇ ಇದನ್ನ? ಅಗ್ನಿಶಾಮಕದವ್ರನ್ನ ಕರೀಲಾ?"

ಹಗ್ಗ ಹಿಡಿದು ಮೆಟ್ಟುಮಣೆ ಇಳಿಸಿದೆ. ಅವಳು ಹತ್ತಿದಳು, ಮಣೆ ಅರ್ಧ ಮುಳುಗಿತು, ಎಳೆದುಕೊಂಡೆವು. ನಿಂತಲ್ಲಿಂದ ಮತ್ತೆ ಹೊರಟಾಗ ಗಾಡಿ ಒಮ್ಮೆ ಎಡಕ್ಕೆ ಜಾರಿತು. ಆಗ, ಮಾನ್ಯರೇ, ತಾವು ಹಿಡಿದಿರಿ. ಅದು ನನ್ನ ಕೈಗೆ ಗೊತ್ತಾಯಿತು. ಅಂಟುಮಣ್ಣನ್ನು ಕಚ್ಚಿ, ಉಗುಳಿ, ಮತ್ತೆ ಕಚ್ಚಿ, ತಾವು ನಾಲ್ವರೂ, ಮುಖ ಒಳಗೆ ಮಾಡಿಕೊಂಡ ಆ ಇಬ್ಬರೂ ಸೇರಿ, ಮೂವರು ಹೆಂಗಸರನ್ನೂ ಆರು ಡಬ್ಬಿ ಪಿಯೊನಿಯನ್ನೂ ದಾಟಿಸಿದಿರಿ.

"ಏನೇ ಹೇಳು, ಇಲ್ಲಿಂದ ಊರೆಲ್ಲ ಕಾಣ್ತದೆ," ಎಂದಳು ರೋಸೀನಾ.

ಹನ್ನೊಂದು ಐವತ್ತಾರಕ್ಕೆ ಆಂಬ್ರೋಸನ ಕಲ್ಲಿನ ಮುಂದೆ ಹೂವಿತ್ತು. ಅವನಿಗೆ ಹೇಳುವುದು ಬಹಳವಿತ್ತು. ನಾಲ್ಕು ನಿಮಿಷದಲ್ಲಿ, ಗಾಡಿಯ ಮೂತಿ ಎತ್ತಿಸಿದ್ದಾರೆ, ಕೋಪ ಮಾಡ್ಕೋಬೇಡ, ಎಂಬುದನ್ನಷ್ಟೇ ಹೇಳಿದೆ. ಬಾವುಟ ಏರಿತು.

ಗೇಟಿಗೆ ಹಿಂತಿರುಗಿದಾಗ ಕರ್ಟ್ ಕಂಬ ಹಿಡಿದು ನಿಂತೇ ಇದ್ದ. ಗಾಡಿಯ ಎಡ ಯಾವುದು, ಬಲ ಯಾವುದು ಗೊತ್ತಾಗದಷ್ಟು ಕೆಸರು.

"ಜಾರ್ತಾಮ್ಮ?"

"ಒಂದ್ಸಲ."

"ಆಮೇಲೆ ಹಿಡೀತಾ?"

"ಹಿಡೀತು."

ಅವನ ಕಣ್ಣು ತುಂಬಿತು. "ಇನ್ನೊಂದ್ಸಲ ಹೇಳಮ್ಮ, ಹೆಂಗೆ ಹಿಡೀತು?" ಎಂದ. ಹೇಳಿದೆ. ಮನೆಯವರೆಗೂ ಹೇಳಿದೆ. ಅವನು ಅಪ್ಪನ ಜೊತೆ ಮಾತಾಡುತ್ತಿದ್ದ ಹಾಗೆ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಆ ಗುಂಯ್‌ಗಾನ ನಡುವೆ ಬಂದಾಗ ಇಬ್ಬರೂ ದನಿ ಏರಿಸಿದೆವು.

ಇಗೋ ಈಗ ನನ್ನ ದೂರು. ನಲವತ್ತು ವರ್ಷ ನಾನು ಆ ಗಾಡಿಯಂಥ ಗಾಡಿಗಳಲ್ಲಿ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿದ್ದೆ. ಅಂದಿನಿಂದ ಸುಮ್ಮನೆ ಕೂರಲು ಆಗುತ್ತಿಲ್ಲ. ತಾವು ಒಬ್ಬ ಮರ್ಯಾದಸ್ಥ ವಿಧವೆಗೆ ಕೆಸರಿನ ರುಚಿ ಹತ್ತಿಸಿ, ಈಗ ಮೂರು ವಾರದಿಂದ ಒಂದು ಹನಿ ಮಳೆಯನ್ನೂ ಕೊಡದೆ, ಮೇಲುಸೇತುವೆಯೊಂದನ್ನೇ ತೋರಿಸಿ ಕೂರಿಸಿದ್ದೀರಿ. ಅದನ್ನು ನಾನೂ ರೋಸೀನಾಳೂ ನಿನ್ನೆ ಒಂಬತ್ತು ಸಲ ಹತ್ತಿ ಇಳಿದೆವು. ಸಾಲದು.

ಆದ್ದರಿಂದ ವಿನಂತಿ: ತಮ್ಮ ಮೂರು ಶಿಖರಗಳಲ್ಲಿ ನಡುವಿನದನ್ನು ತಾವೇ ಇಟ್ಟುಕೊಂಡು, ಎಡದ್ದನ್ನೋ ಬಲದ್ದನ್ನೋ ನಮ್ಮೂರಿಗೆ ಕಳುಹಿಸಬೇಕು. ಗೋಧಿ ಗೋಪುರದ ಹಿಂದೆ ಖಾಲಿ ಜಾಗವಿದೆ. ಪೂರ್ತಿ ಶಿಖರ ಕಷ್ಟವಾದರೆ ಒಂದು ಪಕ್ಕೆಯಾದರೂ ಸಾಕು, ಆದರೆ ಕಲ್ಲಿರಬೇಕು, ಒಂದು ತೊರೆ ಅಡ್ಡ ಹರಿಯಬೇಕು. ಅದರ ಆಸ್ತಿ ಮೌಲ್ಯ ನಿರ್ಧರಿಸುವುದು ಕೌಂಟಿ ಕಚೇರಿಯಲ್ಲಿ ನನ್ನ ಮಗನ ಕೆಲಸವೇ ಆದ್ದರಿಂದ ತಾವು ಆ ಬಗ್ಗೆ ಚಿಂತಿಸಬೇಕಾಗಿಲ್ಲ. ಟೈರು ಆರಿಸಿದಷ್ಟೇ ಬೇಗ ಮುಗಿಸುತ್ತಾನೆ. ಶಿಖರದ ನೆರಳು ಪಶ್ಚಿಮದ ಗೋಧಿಯ ಮೇಲೆ ಬೀಳದಂತೆ ನಿಲ್ಲಿಸಬೇಕು, ಸುಗ್ಗಿಯ ಎರಡು ವಾರ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳಬೇಕು. ಇಷ್ಟು ಸಣ್ಣ ಉಪಕಾರ ತಮ್ಮಿಂದ ಆಗದಿದ್ದರೆ, ತಾವು ನಿಜವಾಗಿ ಎಲ್ಲಿರುತ್ತೀರೆಂಬ ವಿಳಾಸವನ್ನಾದರೂ ಮರುಟಪಾಲಿನಲ್ಲಿ ತಿಳಿಸಬೇಕು. ಪಶ್ಚಿಮಕ್ಕೆ ಹೋದರೆ ಸಿಗುತ್ತೀರೆಂದು ರೋಸೀನಾ ಹೇಳುತ್ತಾಳೆ. ಅವಳು ಬುತ್ತಿ ಕಟ್ಟಿಟ್ಟಿದ್ದಾಳೆ.

ಗಾಡಿಯ ಬೀಗದ ಕೈಯನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಮ್ಮ ಉತ್ತರಕ್ಕೆ ಕಾದಿರುವ,

ತಮ್ಮ ವಿಶ್ವಾಸಿ,
ಆಲ್ವೀನಾ ಡ್ರೈಲಿಂಗ್

ತಾ.ಕ.: ಸ್ಮಶಾನದ ದಾರಿಯಲ್ಲಿ ಮೊಣಕಾಲು ಆಳದ ಎರಡು ಗಾಲಿಜಾಡು ಕೊರೆದವರು ಯಾರೆಂದು ವಿಚಾರಿಸಿ, ತಪ್ಪಿತಸ್ಥರಿಗೆ ಕಟುವಾದ ಪತ್ರ ಬರೆಯುವಂತೆ ಸ್ಮಶಾನ ಸಮಿತಿ ತನ್ನ ಅಧ್ಯಕ್ಷೆಯನ್ನು ಒಮ್ಮತದಿಂದ ಕೇಳಿಕೊಂಡಿದೆ. ಅಧ್ಯಕ್ಷೆ ನಾನು. ಪತ್ರ ಬರೆದು, ಅಂಚೆಗೆ ಹಾಕಿ, ಬುಧವಾರ ನನ್ನ ಮನೆಯಲ್ಲೇ ಸಹಿ ಮಾಡಿ ಪಡೆದುಕೊಂಡೆ. ಬಹಳ ಒರಟು ಪತ್ರ. ಬರೆದವಳಿಗೆ ಕೆಸರಿನ ವಿಷಯ ಏನೂ ಗೊತ್ತಿದ್ದಂತಿಲ್ಲ. ಉತ್ತರಿಸುವ ಯೋಚನೆ ನನಗಿಲ್ಲ.